ಕ್ಯೂಬಾದಲ್ಲಿ ಸಲಿಂಗಾನುರಾಗಿಗಳ ಬದುಕು: ಕಬ್ಬಿನ ಗದ್ದೆಯ ಶಿಬಿರದಿಂದ ವಿವಾಹದ ಹಕ್ಕಿನವರೆಗೆ

1983ರ ಮಾರ್ಚ್ ತಿಂಗಳಲ್ಲಿ ದಿಲ್ಲಿಯ ವಿಜ್ಞಾನ ಭವನದಲ್ಲಿ ಅಲಿಪ್ತ ರಾಷ್ಟ್ರಗಳ ಶೃಂಗಸಭೆ ನಡೆದಾಗ, ಕ್ಯೂಬಾದ ನಾಯಕ ಫಿಡೆಲ್ ಕಾಸ್ಟ್ರೊ ವೇದಿಕೆಯ ಮೇಲೆಯೇ ಇಂದಿರಾ ಗಾಂಧಿಯವರನ್ನು ಆಲಿಂಗಿಸಿಕೊಂಡ ದೃಶ್ಯ ನಮ್ಮ ಹಿರಿಯ ಓದುಗರಲ್ಲಿ ಹಲವರಿಗೆ ಇಂದಿಗೂ ನೆನಪಿರಬಹುದು. ಗಡ್ಡಧಾರಿಯಾದ, ಎತ್ತರದ ನಿಲುವಿನ, ಅಮೆರಿಕದಂತಹ ಬಲಾಢ್ಯ ರಾಷ್ಟ್ರಕ್ಕೆ ಬಗ್ಗದೆ ನಿಂತ ಆ ನಾಯಕನ ಬಗ್ಗೆ ಭಾರತೀಯರಲ್ಲಿ ಆಗ ಇದ್ದ ಅಭಿಮಾನ ಸಣ್ಣದಲ್ಲ. ಆದರೆ ಆ ಸಭೆಗೆ ಮೂರು ವರ್ಷ ಮುಂಚೆ, ಅದೇ ನಾಯಕನ ದೇಶದಿಂದ ಸಾವಿರಾರು ಸಲಿಂಗಾನುರಾಗಿಗಳು ತಮ್ಮನ್ನು ತಾವೇ ಸಮಾಜಕ್ಕೆ ಬೇಡವಾದವರೆಂದು ಪೊಲೀಸ್ ಠಾಣೆಯಲ್ಲಿ ಒಪ್ಪಿಕೊಂಡು, ಅನುಮತಿ ಪತ್ರ ಪಡೆದು, ದೋಣಿ ಹತ್ತಿ ಹೋಗಿದ್ದರೆಂಬ ಸಂಗತಿ ಇಲ್ಲಿ ಹೆಚ್ಚು ಜನರಿಗೆ ತಿಳಿದಿರಲಿಲ್ಲ. ಅದಾದ ನಲವತ್ತೆರಡು ವರ್ಷಗಳಿಗೆ, 2022ರ ಸೆಪ್ಟೆಂಬರ್ 25ರಂದು, ಅದೇ ದೇಶದ ಮತದಾರರು ಇಬ್ಬರು ಪುರುಷರು ಅಥವಾ ಇಬ್ಬರು ಮಹಿಳೆಯರು ವಿವಾಹವಾಗುವ ಹಕ್ಕಿಗೆ ಮತ ಹಾಕಿದರು. ಆಳುವ ಪಕ್ಷ ಮಾತ್ರ ಎರಡೂ ಕಾಲದಲ್ಲಿ ಒಂದೇ.

ಈ ಬದಲಾವಣೆ ಹೇಗಾಯಿತು, ಯಾರು ಅದರ ಬೆಲೆ ತೆತ್ತರು ಎಂಬುದನ್ನು ತಿಳಿಸುವುದು ಈ ಲೇಖನದ ಉದ್ದೇಶ. ಒಂದು ಮಾತನ್ನು ಮೊದಲೇ ಹೇಳಿಬಿಡುವುದು ಒಳಿತು. ನಮ್ಮ ಪತ್ರಿಕೆಗಳಲ್ಲಿ ಬಹುಕಾಲ ರೂಢಿಯಲ್ಲಿದ್ದ 'ಸಲಿಂಗಕಾಮ' ಎಂಬ ಪದಕ್ಕೆ ಅಪರಾಧ ವರದಿಯ ವಾಸನೆ ಅಂಟಿಕೊಂಡಿದೆ. ಇಲ್ಲಿ ಹೇಳಹೊರಟಿರುವುದು ಮನುಷ್ಯರ ಇಡೀ ಬದುಕಿನ ವಿಷಯವಾದ್ದರಿಂದ 'ಸಲಿಂಗಾನುರಾಗ' ಎಂಬ ಪದವನ್ನೇ ಬಳಸಲಾಗಿದೆ.

ಕ್ರಾಂತಿಯ ಮುನ್ನ

ಕ್ಯೂಬಾ ಕೆರಿಬಿಯನ್ ಸಮುದ್ರದ ಅತಿ ದೊಡ್ಡ ದ್ವೀಪ. ವಿಸ್ತೀರ್ಣದಲ್ಲಿ ನಮ್ಮ ಕರ್ನಾಟಕದ ಅರ್ಧಕ್ಕಿಂತ ತುಸು ಹೆಚ್ಚು. ಸುಮಾರು ನಾಲ್ಕು ಶತಮಾನ ಸ್ಪೇನಿನ ಅಧೀನದಲ್ಲಿದ್ದು, ಅನಂತರ ಅಮೆರಿಕದ ಹಿಡಿತಕ್ಕೆ ಸಿಕ್ಕ ಈ ದ್ವೀಪದ ರಾಜಧಾನಿ ಹವಾನಾ 1950ರ ದಶಕದಲ್ಲಿ ಅಮೆರಿಕದ ಪ್ರವಾಸಿಗರಿಗೆ ಜೂಜು, ಮದ್ಯ, ವೇಶ್ಯಾವಾಟಿಕೆಗಳ ಊರಾಗಿತ್ತು. ಆ ಲೋಕದ ಅಂಚಿನಲ್ಲಿ ಸಲಿಂಗಾನುರಾಗಿಗಳು ಸೇರುವ ಕೆಲವು ಮದ್ಯದಂಗಡಿಗಳೂ ಇದ್ದವು. ಇದನ್ನು ಸ್ವಾತಂತ್ರ್ಯವೆಂದು ಕರೆಯಲಾಗದು. 1930ರ ದಶಕದ ದಂಡ ಸಂಹಿತೆ ಸಲಿಂಗಾನುರಾಗದ ಬಹಿರಂಗ ಪ್ರದರ್ಶನಕ್ಕೆ ಸೆರೆವಾಸ ವಿಧಿಸುತ್ತಿತ್ತು. ಮನೆಯಲ್ಲಿ ಕ್ಯಾಥೊಲಿಕ್ ಧರ್ಮದ ಕಟ್ಟು, ಬೀದಿಯಲ್ಲಿ ಗಂಡಸುತನದ ಹಮ್ಮು. ಹೆಣ್ಣಿಗನೆನಿಸಿಕೊಳ್ಳುವುದು ಕ್ಯೂಬಾದ ಗಂಡಸಿಗೆ ಬೈಗುಳಗಳಲ್ಲೆಲ್ಲ ಅತಿ ದೊಡ್ಡ ಬೈಗುಳವಾಗಿತ್ತು.

1959ರ ಜನವರಿ 1ರಂದು ಸರ್ವಾಧಿಕಾರಿ ಬತಿಸ್ತಾ ಪಲಾಯನ ಮಾಡಿ ಕಾಸ್ಟ್ರೊ ಪಡೆ ಅಧಿಕಾರಕ್ಕೆ ಬಂದಾಗ ಹರ್ಷಪಟ್ಟವರಲ್ಲಿ ಸಲಿಂಗಾನುರಾಗಿಗಳೂ ಇದ್ದರು. ಕವಿ, ನಾಟಕಕಾರ ವಿರ್ಹೀಲಿಯೊ ಪಿನ್ಯೇರಾ ಅವರಲ್ಲೊಬ್ಬರು. ಹೊಸ ಸರ್ಕಾರದ ಪತ್ರಿಕೆಯ ಸಾಹಿತ್ಯ ಪುರವಣಿಗೆ ಅವರು ಉತ್ಸಾಹದಿಂದಲೇ ಬರೆದರು.

'ಹೊಸ ಮನುಷ್ಯ' ಮತ್ತು ಹಳೆಯ ಅಸಹನೆ

1961ರ ಜೂನ್ ತಿಂಗಳಲ್ಲಿ ಕಾಸ್ಟ್ರೊ ಹವಾನಾದ ರಾಷ್ಟ್ರೀಯ ಗ್ರಂಥಾಲಯದಲ್ಲಿ ಲೇಖಕರನ್ನೂ ಕಲಾವಿದರನ್ನೂ ಕರೆದು ಮಾತನಾಡಿದರು. ಆ ಸಭೆಗಳಲ್ಲಿ ಪಿನ್ಯೇರಾ ಎದ್ದು ನಿಂತು, ತಮಗೆ ಭಯವಾಗುತ್ತಿದೆ ಎಂಬ ಮಾತನ್ನಷ್ಟೇ ಹೇಳಿದರೆಂದು ಅಲ್ಲಿದ್ದವರು ದಾಖಲಿಸಿದ್ದಾರೆ. ಭಯ ಸುಳ್ಳಾಗಲಿಲ್ಲ. ಅದೇ ವರ್ಷ ಅಕ್ಟೋಬರ್‌ನಲ್ಲಿ ವೇಶ್ಯೆಯರು, ತಲೆಹಿಡುಕರು ಮತ್ತು ಸಲಿಂಗಾನುರಾಗಿಗಳನ್ನು ಹಿಡಿಯಲೆಂದು ಪೊಲೀಸರು ನಡೆಸಿದ ಕಾರ್ಯಾಚರಣೆಯಲ್ಲಿ ಅವರ ಬಂಧನವಾಯಿತು. ಗೆಳೆಯರ ಪ್ರಭಾವದಿಂದ ಬೇಗನೆ ಬಿಡುಗಡೆಯೂ ಆಯಿತು. ಆದರೆ ಹೊಸ ಸರ್ಕಾರ ಯಾರನ್ನು ತನ್ನವರೆಂದು ಬಗೆಯುವುದಿಲ್ಲ ಎಂಬುದು ಅಂದೇ ಸ್ಪಷ್ಟವಾಯಿತು.

ಶೋಷಣೆಯನ್ನು ಅಳಿಸಲು ಹೊರಟ ಸರ್ಕಾರ ಇವರನ್ನೇಕೆ ಗುರಿಮಾಡಿತು ಎಂಬ ಪ್ರಶ್ನೆ ಸಹಜ. ಇದಕ್ಕೆ ಒಂದೇ ಉತ್ತರವಿಲ್ಲ. ಸೋವಿಯತ್ ರಷ್ಯಾ ಕ್ರಾಂತಿಯ ತರುವಾಯ ಸಲಿಂಗಾನುರಾಗವನ್ನು ಅಪರಾಧಗಳ ಪಟ್ಟಿಯಿಂದ ಕೈಬಿಟ್ಟಿತ್ತಾದರೂ, 1934ರಲ್ಲಿ ಸ್ಟಾಲಿನ್ ಕಾಲದಲ್ಲಿ ಮತ್ತೆ ಸೇರಿಸಿತ್ತು. ಅದು ಬಂಡವಾಳಶಾಹಿ ಸಮಾಜದ ಕೊಳೆತದ ಲಕ್ಷಣ, ಸಮಾಜವಾದ ಬಲಿತಂತೆ ತಾನಾಗಿ ಮಾಯವಾಗುತ್ತದೆ ಎಂಬ ನಂಬಿಕೆ ಆ ಕಾಲದ ಕಮ್ಯುನಿಸ್ಟ್ ಪಕ್ಷಗಳಲ್ಲಿ ಬೇರೂರಿತ್ತು. ಆ ಕಾಲದ ಮನೋವೈದ್ಯಶಾಸ್ತ್ರವೂ ಅದನ್ನು ರೋಗವೆಂದೇ ಕರೆಯುತ್ತಿತ್ತು; ಅಮೆರಿಕದ ಮನೋವೈದ್ಯರ ಸಂಘ ಅದನ್ನು ರೋಗಗಳ ಪಟ್ಟಿಯಿಂದ ತೆಗೆದದ್ದು 1973ರಲ್ಲಿ. ಇದರ ಮೇಲೆ ಚೇ ಗುವಾರ 1965ರ ತಮ್ಮ ಪ್ರಸಿದ್ಧ ಪ್ರಬಂಧದಲ್ಲಿ ಮಂಡಿಸಿದ 'ಹೊಸ ಮನುಷ್ಯ'ನ ಕಲ್ಪನೆ ಬಂದಿತು. ಈ ಹೊಸ ಮನುಷ್ಯ ನಿಸ್ವಾರ್ಥಿ, ಶ್ರಮಜೀವಿ. ಜನರ ಕಣ್ಣಿಗೆ ಕಟ್ಟಿದ ಅವನ ಚಿತ್ರವಾದರೂ ಬಂದೂಕು ಹಿಡಿದ ಗಡ್ಡದ ಗೆರಿಲ್ಲಾನದೇ. ಆ ಚಿತ್ರದೊಳಗೆ ಮೃದು ನಡಿಗೆಯ ಹುಡುಗನಿಗೆ ಸ್ಥಳವಿರಲಿಲ್ಲ. ನಮ್ಮ ಅಭಿಪ್ರಾಯದಲ್ಲಿ, ಮಾರ್ಕ್ಸ್‌ವಾದ ಇಲ್ಲಿ ಹೊಸ ದ್ವೇಷವನ್ನೇನೂ ಹುಟ್ಟಿಸಲಿಲ್ಲ. ಅಜ್ಜಂದಿರ ಕಾಲದ ಅಸಹನೆಗೆ ಕ್ರಾಂತಿಯ ಪರಿಭಾಷೆಯನ್ನೂ ಪೊಲೀಸ್ ಬಲವನ್ನೂ ಒದಗಿಸಿತು.

1963ರ ಮಾರ್ಚ್ 13ರಂದು ಹವಾನಾ ವಿಶ್ವವಿದ್ಯಾಲಯದ ಮೆಟ್ಟಿಲುಗಳ ಮೇಲೆ ಮಾಡಿದ ಭಾಷಣದಲ್ಲಿ ಕಾಸ್ಟ್ರೊ, ಬಿಗಿ ಷರಾಯಿ ತೊಟ್ಟು ಗಿಟಾರ್ ಹಿಡಿದು ತಿರುಗುವ ಯುವಕರನ್ನು ಬಹಿರಂಗವಾಗಿ ಹೀಯಾಳಿಸಿದರು. 1965ರಲ್ಲಿ ಅಮೆರಿಕದ ಪತ್ರಕರ್ತ ಲೀ ಲಾಕ್‌ವುಡ್‌ರೊಂದಿಗಿನ ಸಂದರ್ಶನದಲ್ಲಿ, ಸಲಿಂಗಾನುರಾಗಿಯೊಬ್ಬ ನಿಜವಾದ ಕ್ರಾಂತಿಕಾರಿಯಾಗಲಾರನೆಂಬ ತಮ್ಮ ನಿಲುವನ್ನು ಮುಚ್ಚುಮರೆಯಿಲ್ಲದೆ ತಿಳಿಸಿದರು. ಈ ಹೊತ್ತಿಗೆ ಪ್ರತಿ ಬೀದಿಯಲ್ಲಿಯೂ ಕ್ರಾಂತಿ ರಕ್ಷಣಾ ಸಮಿತಿಗಳು ರೂಪುಗೊಂಡಿದ್ದವು. ಯಾರ ಮನೆಗೆ ಯಾರು ಬರುತ್ತಾರೆ, ಎಷ್ಟು ಹೊತ್ತಿಗೆ ಹೋಗುತ್ತಾರೆ ಎಂಬುದನ್ನು ಗಮನಿಸುವುದು ನೆರೆಹೊರೆಯವರ ಕರ್ತವ್ಯವೇ ಆಗಿಹೋಗಿತ್ತು.

ಶಿಬಿರಗಳು

1965ರ ನವೆಂಬರ್‌ನಲ್ಲಿ ದ್ವೀಪದ ಮಧ್ಯಭಾಗದ ಕಮಗ್ವೆ ಪ್ರಾಂತದಲ್ಲಿ 'ಉತ್ಪಾದನೆಗೆ ನೆರವಾಗುವ ಸೇನಾ ಘಟಕಗಳು' ಎಂಬ ಶಿಬಿರಗಳು ಆರಂಭವಾದವು. ಸ್ಪ್ಯಾನಿಷ್ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ಇವನ್ನು 'ಉಮಾಪ್' ಎಂದು ಕರೆಯುತ್ತಾರೆ. ಕಡ್ಡಾಯ ಸೇನಾಸೇವೆಯ ಆಜ್ಞೆಯ ಹೆಸರಿನಲ್ಲಿ ಯುವಕರನ್ನು ಕರೆಸಿಕೊಂಡು, ಕೈಗೆ ಬಂದೂಕು ಕೊಡಲು ಯೋಗ್ಯರಲ್ಲವೆಂದು ಸರ್ಕಾರ ಬಗೆದವರನ್ನು ಮುಳ್ಳುತಂತಿಯ ಬೇಲಿಯೊಳಗಿನ ಈ ಶಿಬಿರಗಳಿಗೆ ಸಾಗಿಸಲಾಯಿತು. ಬೆಳಗಿನಿಂದ ಸಂಜೆಯವರೆಗೆ ಕಬ್ಬು ಕಡಿಯುವುದು, ಕಳೆ ಕೀಳುವುದು. ದಿನದ ಪಾಲು ಮುಗಿಯದಿದ್ದರೆ ಶಿಕ್ಷೆ. ದೈಹಿಕ ದುಡಿಮೆ ಇವರನ್ನು ತಿದ್ದಿ 'ಗಂಡಸ'ರನ್ನಾಗಿಸುತ್ತದೆ ಎಂಬುದು ಅಧಿಕಾರಿಗಳ ನಂಬಿಕೆ. ಸಕ್ಕರೆಯೇ ದೇಶದ ಆದಾಯದ ಆಧಾರವಾಗಿದ್ದ ಕಾಲದಲ್ಲಿ ಕಬ್ಬಿನ ಗದ್ದೆಗೆ ಪುಕ್ಕಟೆಗೆ ಸಮೀಪದ ಆಳುಗಳು ದೊರೆತರೆಂಬುದನ್ನೂ ಮರೆಯುವಂತಿಲ್ಲ.

ಅಲ್ಲಿದ್ದವರೆಲ್ಲರೂ ಸಲಿಂಗಾನುರಾಗಿಗಳಲ್ಲ. ಸೈನ್ಯ ಸೇರಲೊಪ್ಪದ ಯೆಹೋವನ ಸಾಕ್ಷಿಗಳು, ಶನಿವಾರ ದುಡಿಯಲೊಪ್ಪದ ಅಡ್ವೆಂಟಿಸ್ಟರು, ಕ್ಯಾಥೊಲಿಕ್ ಪಾದ್ರಿಗಳು, ಉದ್ದ ಕೂದಲು ಬಿಟ್ಟ ಹುಡುಗರು, ಹೀಗೆ ಹಲವರು. ಮುಂದೆ ಹವಾನಾದ ಕಾರ್ಡಿನಲ್ ಆದ ಹೈಮೆ ಒರ್ತೇಗಾ, ಕ್ಯೂಬಾದ ಅತ್ಯಂತ ಪ್ರೀತಿಪಾತ್ರ ಗಾಯಕರಲ್ಲೊಬ್ಬರಾದ ಪಾಬ್ಲೊ ಮಿಲಾನೆಸ್ ಇಬ್ಬರೂ ಆ ಶಿಬಿರಗಳಲ್ಲಿ ಕಾಲ ಕಳೆದವರು. ಒಟ್ಟು ಸಂಖ್ಯೆಯನ್ನು ಸುಮಾರು 35,000 ಎಂದು ಅಂದಾಜಿಸಲಾಗಿದೆ. ದೇಶದೊಳಗೆ ಲೇಖಕರ ಸಂಘದಿಂದ ಆಕ್ಷೇಪ ಬಂದಿತು, ಹೊರದೇಶಗಳ ಅಭಿಮಾನಿ ಬುದ್ಧಿಜೀವಿಗಳೂ ಪ್ರಶ್ನಿಸತೊಡಗಿದರು. 1968ರಲ್ಲಿ ಸದ್ದಿಲ್ಲದೆ ಶಿಬಿರಗಳನ್ನು ಮುಚ್ಚಲಾಯಿತು. ಮನೆಗೆ ಮರಳಿದವರು ಆ ಬಗ್ಗೆ ದಶಕಗಳ ಕಾಲ ಬಾಯಿ ಬಿಡಲಿಲ್ಲ.

ಬೂದು ವರ್ಷಗಳು

ಶಿಬಿರ ಮುಚ್ಚಿದರೂ ನೀತಿ ಮುಗಿಯಲಿಲ್ಲ. 1971ರ ಏಪ್ರಿಲ್‌ನಲ್ಲಿ ಸೇರಿದ ಶಿಕ್ಷಣ ಮತ್ತು ಸಂಸ್ಕೃತಿಯ ಪ್ರಥಮ ರಾಷ್ಟ್ರೀಯ ಸಮ್ಮೇಳನ ಸಲಿಂಗಾನುರಾಗವನ್ನು ಸಾಮಾಜಿಕ ವ್ಯಾಧಿಯೆಂದು ಘೋಷಿಸಿ, ಯುವಜನರ ಮೇಲೆ ಪ್ರಭಾವ ಬೀರುವ ಹುದ್ದೆಗಳಿಂದ ಅಂಥವರನ್ನು ದೂರವಿಡಬೇಕೆಂದು ನಿರ್ಣಯಿಸಿತು. ಶಿಕ್ಷಕರು, ನಟರು, ನಿರ್ದೇಶಕರು, ಗೊಂಬೆಯಾಟದವರು ಸಾಲುಸಾಲಾಗಿ ಕೆಲಸ ಕಳೆದುಕೊಂಡರು. ನಿಗದಿತ 'ಮಾನದಂಡ'ಗಳಿಗೆ ಹೊಂದುವುದಿಲ್ಲವೆಂಬ ಒಂದು ಸಾಲಿನ ಪತ್ರ ಸಾಕಾಗುತ್ತಿತ್ತು. ನಿನ್ನೆ ರಂಗದ ಮೇಲಿದ್ದವನು ಇಂದು ಕಾರ್ಖಾನೆಯಲ್ಲಿ. ಕೆಲವರು ನ್ಯಾಯಾಲಯಕ್ಕೆ ಹೋಗಿ ಗೆದ್ದರೂ ಕಳೆದುಹೋದ ವರ್ಷಗಳು ಮರಳಲಿಲ್ಲ. ರಾಷ್ಟ್ರೀಯ ಸಂಸ್ಕೃತಿ ಮಂಡಳಿಯ ಅಧ್ಯಕ್ಷರಾಗಿದ್ದ ಲೂಯಿಸ್ ಪಾವೋನ್ ಈ ನೀತಿಯ ಮುಖವಾಗಿದ್ದರು. ವಿಮರ್ಶಕ ಅಂಬ್ರೋಸಿಯೊ ಫೋರ್ನೆತ್ ಮುಂದೆ ಈ ಅವಧಿಗೆ 'ಬೂದು ಬಣ್ಣದ ಐದು ವರ್ಷ' ಎಂಬ ಹೆಸರಿಟ್ಟರು. ಅನುಭವಿಸಿದವರಲ್ಲಿ ಹಲವರು ಅದು ಐದು ವರ್ಷವೂ ಅಲ್ಲ, ಬೂದು ಬಣ್ಣವೂ ಅಲ್ಲ, ಕಡುಗಪ್ಪು ಎಂದು ತಿದ್ದಿದ್ದುಂಟು.

ನಾಟಕಕಾರ ಆಂತೋನ್ ಅರ್ರುಫಾತ್ ಅವರ ಪಾಡನ್ನು ಗಮನಿಸಬಹುದು. 1968ರಲ್ಲಿ ಪ್ರಶಸ್ತಿ ಪಡೆದ ಅವರ ನಾಟಕವನ್ನೇ ಕ್ರಾಂತಿವಿರೋಧಿಯೆಂದು ಹಳಿದು, ಅವರನ್ನು ಹವಾನಾದ ಹೊರವಲಯದ ಗ್ರಂಥಾಲಯವೊಂದಕ್ಕೆ ಪುಸ್ತಕಗಳ ಕಟ್ಟು ಕಟ್ಟುವ ಕೆಲಸಕ್ಕೆ ಕಳುಹಿಸಲಾಯಿತು. ಅಲ್ಲಿ ಅವರು ವರ್ಷಗಟ್ಟಲೆ ಇದ್ದರು. ಹೆಸರು ಎಲ್ಲಿಯೂ ಅಚ್ಚಾಗುವಂತಿರಲಿಲ್ಲ. ದೇಶ ಬಿಟ್ಟು ಹೋಗಲಿಲ್ಲ. 2000ದಲ್ಲಿ ಅದೇ ಸರ್ಕಾರ ಅವರಿಗೆ ರಾಷ್ಟ್ರೀಯ ಸಾಹಿತ್ಯ ಪ್ರಶಸ್ತಿ ನೀಡಿತು. 2023ರಲ್ಲಿ ಹವಾನಾದಲ್ಲಿಯೇ ತೀರಿಕೊಂಡರು. ಪಿನ್ಯೇರಾ ಅವರಿಗೆ ಅಷ್ಟು ಆಯುಷ್ಯವಿರಲಿಲ್ಲ. ಕೊನೆಯ ದಶಕದಲ್ಲಿ ಒಂದು ಪುಸ್ತಕವೂ ಪ್ರಕಟವಾಗದೆ 1979ರಲ್ಲಿ ನಿಧನರಾದರು. 2012ರಲ್ಲಿ ಸರ್ಕಾರವೇ ಅವರ ಜನ್ಮಶತಮಾನೋತ್ಸವವನ್ನು ವರ್ಷವಿಡೀ ಆಚರಿಸಿತು. 'ಪಾರಾದೀಸೊ' ಕಾದಂಬರಿಯ ಕರ್ತೃ ಲೆಸಾಮಾ ಲೀಮಾ 1976ರಲ್ಲಿ ಮೂಲೆಗುಂಪಾಗಿಯೇ ಕಣ್ಮುಚ್ಚಿದರು. ಟ್ರೊಕಾದೇರೊ ಬೀದಿಯ ಅವರ ಮನೆ ಈಗ ವಸ್ತುಸಂಗ್ರಹಾಲಯ. ಸತ್ತ ಮೇಲೆ ಸನ್ಮಾನಿಸುವ ಕಲೆ ನಮಗೂ ಹೊಸದೇನಲ್ಲ.

ಮಾರಿಯೆಲ್ ಬಂದರು

1979ರಲ್ಲಿ ಜಾರಿಗೆ ಬಂದ ಹೊಸ ದಂಡ ಸಂಹಿತೆ ವಯಸ್ಕರ ನಡುವಣ ಖಾಸಗಿ ಸಲಿಂಗ ಸಂಬಂಧವನ್ನು ಅಪರಾಧವೆಂದು ಎಣಿಸಲಿಲ್ಲ. ಭಾರತದಲ್ಲಿ 377ನೇ ವಿಧಿಯ ಆ ಭಾಗ ಬಿದ್ದುಹೋದದ್ದು 2018ರ ಸೆಪ್ಟೆಂಬರ್ 6ರಂದು ಎಂಬುದನ್ನು ಇಲ್ಲಿ ನೆನೆಯಬಹುದು. ಆದರೆ ಕ್ಯೂಬಾದಲ್ಲಿ ಬಹಿರಂಗ ವರ್ತನೆಯನ್ನು 'ಸಾರ್ವಜನಿಕ ಅಪವಾದ'ವೆಂದು ಶಿಕ್ಷಿಸುವ ವಿಧಿ ಉಳಿಯಿತು. ಏನನ್ನೂ ಮಾಡದವನನ್ನೂ ಮುಂದೆ ಅಪರಾಧ ಮಾಡಬಹುದೆಂಬ 'ಅಪಾಯಕಾರಿತನ'ದ ಆರೋಪದ ಮೇಲೆ ಹಿಡಿದಿಡುವ ಅವಕಾಶವೂ ಇತ್ತು. ಕಾಗದದ ಮೇಲಿನ ಕಾನೂನಿಗೂ ಬೀದಿಯ ಪೊಲೀಸನಿಗೂ ನಡುವೆ ಬಹಳ ದೂರವಿತ್ತು.

1980ರ ಏಪ್ರಿಲ್‌ನಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಜನ ಆಶ್ರಯ ಕೋರಿ ಹವಾನಾದ ಪೆರು ರಾಯಭಾರ ಕಚೇರಿಯ ಆವರಣಕ್ಕೆ ನುಗ್ಗಿದರು. ಬೇಡವೆನ್ನುವವರು ಹೋಗಲಿ ಎಂದು ಸರ್ಕಾರ ಮಾರಿಯೆಲ್ ಬಂದರನ್ನು ತೆರೆಯಿತು. ಅಕ್ಟೋಬರ್ ವೇಳೆಗೆ ಸುಮಾರು 1,25,000 ಜನ ಫ್ಲೋರಿಡಾ ಸೇರಿದರು. ಹೊರಟವರನ್ನು ಸರ್ಕಾರಿ ಪ್ರಚಾರ ಕರೆದದ್ದು 'ಎಸ್ಕೋರಿಯಾ' ಎಂದು. ಲೋಹ ಕರಗಿಸಿದಾಗ ಮೇಲೆ ತೇಲುವ ಕಿಟ್ಟ ಎಂಬುದು ಆ ಪದದ ಅರ್ಥ. ಸಲಿಂಗಾನುರಾಗಿಯೆಂದು ಒಪ್ಪಿಕೊಂಡರೆ ಕಿಟ್ಟದ ಪಟ್ಟಿಗೆ ಸೇರಿ ಹೊರಡುವ ಅನುಮತಿ ಸುಲಭವಾಗುತ್ತಿತ್ತು. ಹೀಗಾಗಿ ಬಹುಕಾಲ ಮುಚ್ಚಿಟ್ಟುಕೊಂಡವರು ಠಾಣೆಗೆ ಹೋಗಿ ಹೇಳಿಕೊಂಡರು. ಅಲ್ಲದವರೂ ಹಾಗೆಂದು ನಟಿಸಿದರು. ಕಾದಂಬರಿಕಾರ ರೈನಾಲ್ಡೊ ಅರೇನಾಸ್ ತಮ್ಮ ಆತ್ಮಕಥೆಯಲ್ಲಿ, ಅಧಿಕಾರಿಗಳ ಮುಂದೆ ತಮ್ಮನ್ನು ನಡೆದು ತೋರಿಸಲು ಹೇಳಿದ್ದನ್ನು ಬರೆದಿದ್ದಾರೆ. ಬಡ ರೈತ ಕುಟುಂಬದ ಈ ಲೇಖಕ ಹದಿಹರೆಯದಲ್ಲಿ ಕ್ರಾಂತಿಯ ಪಡೆ ಸೇರಲು ಹೋದವರು, ಕ್ರಾಂತಿಯ ಶಾಲೆಯಲ್ಲಿ ಓದಿದವರು. ಮುಂದೆ ಹಸ್ತಪ್ರತಿಗಳನ್ನು ಗುಟ್ಟಾಗಿ ಹೊರದೇಶಕ್ಕೆ ಕಳುಹಿಸಿ, 1970ರ ದಶಕದ ಮಧ್ಯದಲ್ಲಿ ಹವಾನಾದ ಎಲ್ ಮೋರ್ರೊ ಕೋಟೆಯ ಸೆರೆಮನೆ ಕಂಡವರು. ಲೇಖಕನೆಂದು ಗೊತ್ತಾದರೆ ತಡೆಯುತ್ತಾರೆಂದು ತಮ್ಮ ಹೆಸರಿನ ಒಂದು ಅಕ್ಷರ ತಿದ್ದಿಕೊಂಡು ದೋಣಿ ಹತ್ತಿದರು. 1990ರಲ್ಲಿ ನ್ಯೂಯಾರ್ಕ್‌ನಲ್ಲಿ, ಏಡ್ಸ್‌ನಿಂದ ಜರ್ಜರಿತರಾಗಿ, ತಮ್ಮ ಬದುಕನ್ನು ತಾವೇ ಕೊನೆಗಾಣಿಸಿಕೊಂಡರು.

ಹೊರಟವರ ಮನೆಗಳ ಮುಂದೆ ನೆರೆಯವರು ಗುಂಪುಗೂಡಿ ಕೂಗಿ, ಮೊಟ್ಟೆ ಎಸೆದು ಬೀಳ್ಕೊಟ್ಟರು. ಹೋದ ದೇಶವಾದರೂ ತೆರೆದ ತೋಳಿನದಾಗಿರಲಿಲ್ಲ. ಅಮೆರಿಕದ ವಲಸೆ ಕಾನೂನು ಆಗ ಸಲಿಂಗಾನುರಾಗಿಗಳಿಗೆ ಪ್ರವೇಶ ನಿಷೇಧಿಸುತ್ತಿತ್ತು; ಆ ನಿಷೇಧವನ್ನು ತೆಗೆದದ್ದು 1990ರಲ್ಲಿ.

ಒಳಗಿನಿಂದ ಬಂದ ಬದಲಾವಣೆ

ಈ ಕಾಲದಲ್ಲಿಯೇ, ಸರ್ಕಾರದ ಇನ್ನೊಂದು ಕೋಣೆಯಲ್ಲಿ, ಬೇರೊಂದು ಕೆಲಸ ನಡೆದಿತ್ತು. ಕ್ಯೂಬಾ ಮಹಿಳಾ ಒಕ್ಕೂಟದ ಅಧ್ಯಕ್ಷೆ, ರಾವುಲ್ ಕಾಸ್ಟ್ರೊ ಅವರ ಪತ್ನಿ ವಿಲ್ಮಾ ಎಸ್ಪಿನ್ ಅವರ ಆಸರೆಯಲ್ಲಿ 1977ರಲ್ಲಿ ಲೈಂಗಿಕ ಶಿಕ್ಷಣದ ರಾಷ್ಟ್ರೀಯ ಕಾರ್ಯತಂಡವೊಂದು ಹುಟ್ಟಿತು. ಹದಿಹರೆಯದ ಬಸಿರು, ಗರ್ಭಪಾತಗಳನ್ನು ತಗ್ಗಿಸುವುದು ಅದರ ಮೂಲ ಉದ್ದೇಶ. ಅದರ ಹೊಣೆ ಹೊತ್ತವರು ಕ್ಯೂಬಾದವನನ್ನು ಮದುವೆಯಾಗಿ ಬಂದ ಪೂರ್ವ ಜರ್ಮನಿಯ ಮೋನಿಕಾ ಕ್ರಾವ್ಜೆ. ಪೂರ್ವ ಜರ್ಮನಿಯೂ ಕಮ್ಯುನಿಸ್ಟ್ ದೇಶವೇ. ಆದರೆ 1968ರಲ್ಲಿಯೇ ವಯಸ್ಕರ ಸಲಿಂಗ ಸಂಬಂಧವನ್ನು ಅಪರಾಧಗಳ ಪಟ್ಟಿಯಿಂದ ತೆಗೆದಿತ್ತು. ಅಲ್ಲಿನ ಲೈಂಗಿಕತಜ್ಞ ಸೀಗ್‌ಫ್ರೀಡ್ ಶ್ನಾಬ್ಲ್ ದಾಂಪತ್ಯ ಜೀವನದ ಬಗ್ಗೆ ಬರೆದ ಪುಸ್ತಕವನ್ನು 1979ರಲ್ಲಿ ಸ್ಪ್ಯಾನಿಷ್‌ಗೆ ಅನುವಾದಿಸಿ ಪ್ರಕಟಿಸಿದಾಗ, ಸಲಿಂಗಾನುರಾಗ ರೋಗವಲ್ಲವೆಂಬ ಮಾತನ್ನು ಕ್ಯೂಬನ್ನರು ಮೊದಲ ಬಾರಿಗೆ ಸರ್ಕಾರವೇ ಅಚ್ಚು ಹಾಕಿದ ಪುಟದಲ್ಲಿ ಓದಿದರು. ಅಮೆರಿಕದಿಂದ ಬಂದಿದ್ದರೆ ಆ ಮಾತನ್ನು ಶತ್ರುವಿನ ಮಾತೆಂದು ತಳ್ಳಿಹಾಕಬಹುದಿತ್ತು. ಸಹೋದರ ಸಮಾಜವಾದಿ ರಾಷ್ಟ್ರದಿಂದ ಬಂದದ್ದನ್ನು ಹಾಗೆ ತಳ್ಳಲಾಗಲಿಲ್ಲ.

1980ರ ದಶಕದ ಮಧ್ಯದಲ್ಲಿ ಏಡ್ಸ್ ಕಾಣಿಸಿಕೊಂಡಿತು. 1986ರಿಂದ ಸೋಂಕಿತರೆಲ್ಲರನ್ನೂ ಆರೋಗ್ಯಧಾಮಗಳಲ್ಲಿ ಕಡ್ಡಾಯವಾಗಿ ಇರಿಸುವ ಕ್ರಮ ಕೈಗೊಳ್ಳಲಾಯಿತು. ಹವಾನಾ ಸಮೀಪದ ಲೋಸ್ ಕೋಕೋಸ್ ಇವುಗಳಲ್ಲಿ ಮೊದಲನೆಯದು. ಒಳ್ಳೆಯ ಊಟ, ಔಷಧ, ಸಂಬಳ ಎಲ್ಲವೂ ಇದ್ದವು. ಕಾವಲುಗಾರನಿಲ್ಲದೆ ಹೊರಗೆ ಹೋಗುವಂತಿರಲಿಲ್ಲ. ಕ್ರಮೇಣ ಅಲ್ಲಿನ ಬಹುಪಾಲು ನಿವಾಸಿಗಳು ಸಲಿಂಗಾನುರಾಗಿಗಳೇ ಆದರು. ವಿಚಿತ್ರವೆಂದರೆ, ಇಬ್ಬರು ಪುರುಷರು ಒಂದೇ ಸೂರಿನಡಿ ಜೊತೆಗಾರರಾಗಿ ಬಹಿರಂಗವಾಗಿ ಬದುಕುವ ಅವಕಾಶ ಆ ಬೇಲಿಯೊಳಗೆ ಇತ್ತು, ಹೊರಗೆ ಇರಲಿಲ್ಲ. 1990ರ ದಶಕದ ಮೊದಲರ್ಧದಲ್ಲಿ ಕಡ್ಡಾಯ ಸಡಿಲವಾಯಿತು.

ಸೋವಿಯತ್ ಒಕ್ಕೂಟ ಕುಸಿದು, ಎಣ್ಣೆಯೂ ಅನ್ನವೂ ಇಲ್ಲದೆ ದ್ವೀಪ ತತ್ತರಿಸಿದ ದಿನಗಳಲ್ಲಿ, 1993ರಲ್ಲಿ, ಒಂದು ಚಲನಚಿತ್ರ ಬಂದಿತು: ತೊಮಾಸ್ ಗುತಿಯೆರೆಸ್ ಅಲೆಯಾ ಮತ್ತು ಹುವಾನ್ ಕಾರ್ಲೋಸ್ ತಾಬಿಯೊ ನಿರ್ದೇಶನದ 'ಸ್ಟ್ರಾಬೆರಿ ಮತ್ತು ಚಾಕೊಲೇಟ್'. ಮೂಲ ಕಥೆ ಸೆನೆಲ್ ಪಾಸ್ ಅವರದು. 1979ರ ಹವಾನಾ. ಕೊಪ್ಪೇಲಿಯಾ ಎಂಬ ದೊಡ್ಡ ಸರ್ಕಾರಿ ಐಸ್‌ಕ್ರೀಂ ಅಂಗಡಿಯಲ್ಲಿ ಯುವ ಕಮ್ಯುನಿಸ್ಟ್ ಸಂಘದ ವಿದ್ಯಾರ್ಥಿ ದಾವೀದ್ ಕುಳಿತಿರುವ ಮೇಜಿಗೆ ದಿಯೇಗೊ ಎಂಬ ಸುಸಂಸ್ಕೃತ ಸಲಿಂಗಾನುರಾಗಿ ಬಂದು ಕೂರುತ್ತಾನೆ. ಚಾಕೊಲೇಟ್ ಇದ್ದರೂ ಅವನು ಕೊಂಡದ್ದು ಸ್ಟ್ರಾಬೆರಿ. ಅಷ್ಟರಲ್ಲಿಯೇ ದಾವೀದನಿಗೆ ಇವನು ಎಂಥವನೆಂದು 'ತಿಳಿದು'ಹೋಗುತ್ತದೆ. ಗೆಳೆಯನ ಪ್ರಚೋದನೆಯಿಂದ ಬೇಹುಗಾರಿಕೆಗೆಂದೇ ಅವನ ಮನೆಗೆ ಹೋಗತೊಡಗಿದ ದಾವೀದ್, ಅಲ್ಲಿ ಲೆಸಾಮಾನನ್ನು ಓದುತ್ತಾನೆ, ಸಂಗೀತ ಕೇಳುತ್ತಾನೆ, ತನ್ನ ಊರನ್ನೇ ಹೊಸದಾಗಿ ನೋಡುತ್ತಾನೆ. ದಿಯೇಗೊ ತನ್ನ ದೇಶವನ್ನು ದಾವೀದನಿಗಿಂತ ಹೆಚ್ಚು ಪ್ರೀತಿಸುತ್ತಾನೆ. ಕೊನೆಗೆ ದೇಶ ಬಿಡಬೇಕಾದವನೂ ಅವನೇ. ಸರ್ಕಾರಿ ಚಲನಚಿತ್ರ ಸಂಸ್ಥೆಯೇ ತಯಾರಿಸಿದ ಈ ಚಿತ್ರ ಬರ್ಲಿನ್‌ನಲ್ಲಿ ಬೆಳ್ಳಿ ಕರಡಿ ಪಡೆಯಿತು. ಆಸ್ಕರ್‌ಗೆ ನಾಮಾಂಕಿತವಾದ ಕ್ಯೂಬಾದ ಮೊದಲ ಚಿತ್ರವೂ ಆಯಿತು. ಹವಾನಾದ ಚಿತ್ರಮಂದಿರಗಳ ಮುಂದೆ ಸಾಲು ಕರಗಲಿಲ್ಲ. ಭಾಷಣಗಳು ಮಾಡಲಾರದ್ದನ್ನು ಈ ಚಿತ್ರ ಮಾಡಿತು: ಮನೆಮಂದಿ ಕೂಡಿ ಈ ವಿಷಯವನ್ನು ಮಾತನಾಡುವಂತಾಯಿತು. ಓದುಗರು ಅವಕಾಶ ಸಿಕ್ಕಾಗ ನೋಡಬೇಕಾದ ಚಿತ್ರ.

ಬದಲಾವಣೆ ಹವಾನಾದ ಕಲಾವಲಯಕ್ಕೆ ಸೀಮಿತವಾಗಿರಲಿಲ್ಲ. ಸಾಂತಾ ಕ್ಲಾರಾ ನಗರದಲ್ಲಿ ರಂಗಕರ್ಮಿ ರಮೋನ್ ಸಿಲ್ವೇರಿಯೊ ಪಾಳುಬಿದ್ದ ಕಟ್ಟಡವೊಂದರ ಗೋಡೆಗಳ ನಡುವೆ 'ಎಲ್ ಮೆಹುಂಹೆ' ಎಂಬ ಸಾಂಸ್ಕೃತಿಕ ಕೇಂದ್ರ ಕಟ್ಟಿದರು. ಹೆಸರಿನ ಅರ್ಥ ಕಷಾಯ. ಹಗಲು ಮಕ್ಕಳ ನಾಟಕ, ಮುದುಕರ ನೃತ್ಯ. ರಾತ್ರಿ ಹೆಣ್ಣು ವೇಷದ ಗಾಯಕರ ಕಾರ್ಯಕ್ರಮ. ಹವಾನಾದ ಬಡ ಬಡಾವಣೆ ಲಾ ಗ್ವಿನೇರಾದಲ್ಲಿ ಕಟ್ಟಡ ಕಾರ್ಮಿಕರ ಊಟದ ಮನೆಯಲ್ಲಿಯೇ ಇಂತಹ ಪ್ರದರ್ಶನಗಳು ನಡೆದವು. ಸಿಮೆಂಟು ಮೆತ್ತಿದ ಕೈಗಳ ಹೆಂಗಸರು ಮೊದಲು ಮೂಗು ಮುರಿದು, ಅನಂತರ ಆ ಕಲಾವಿದರನ್ನು ತಮ್ಮವರೆಂದು ಒಪ್ಪಿಕೊಂಡ ಬಗೆಯನ್ನು 1995ರ ಸಾಕ್ಷ್ಯಚಿತ್ರವೊಂದು ದಾಖಲಿಸಿದೆ. ನಮ್ಮ ಗಂಡುಕಲೆ ಯಕ್ಷಗಾನದ ಸ್ತ್ರೀವೇಷವನ್ನು ಕಂಡು ಬೆಳೆದವರಿಗೆ ವೇಷ ಅಷ್ಟೇನೂ ಅಪರಿಚಿತವೆನಿಸದು. ಅಲ್ಲಿ ವ್ಯತ್ಯಾಸವೆಂದರೆ ವೇಷ ಕಳಚಿದ ಮೇಲಿನ ಬದುಕನ್ನೂ ಒಪ್ಪಿಕೊಳ್ಳಬೇಕಾಗಿತ್ತು.

ಇನ್ನೊಂದು ಸಂಗತಿಯನ್ನು ಮುಂಬಯಿಯ ಚಾಳುಗಳಲ್ಲಿ ಸಂಸಾರ ಮಾಡಿದವರಿಗೆ ವಿವರಿಸಬೇಕಾಗಿಲ್ಲ. ಕ್ಯೂಬಾದಲ್ಲಿ ಮನೆಗಳ ತೀವ್ರ ಅಭಾವ. ಎರಡು ಕೋಣೆಗಳಲ್ಲಿ ಮೂರು ತಲೆಮಾರು. 2011ರವರೆಗೆ ಮನೆಯನ್ನು ಮಾರುವಂತೆಯೂ ಇರಲಿಲ್ಲ, ಅದಲುಬದಲು ಮಾಡಿಕೊಳ್ಳಬಹುದಿತ್ತಷ್ಟೆ. ಮಗನನ್ನು ಹೊರಹಾಕಲು ಬೇರೆ ಮನೆಯಿಲ್ಲ. ಮಗನಿಗೆ ಹೊರಡಲು ಜಾಗವಿಲ್ಲ. ಹೀಗಾಗಿ ಅನೇಕ ಕುಟುಂಬಗಳಲ್ಲಿ ಮಾತಿಲ್ಲದ ಒಂದು ಒಪ್ಪಂದ ಬೆಳೆಯಿತು: ಮಗನ 'ಗೆಳೆಯ' ಊಟಕ್ಕೆ ಬರುತ್ತಾನೆ, ಕ್ರಮೇಣ ಉಳಿಯುತ್ತಾನೆ, ಅಜ್ಜಿಗೆ ಔಷಧ ತರುತ್ತಾನೆ, ಹೆಸರಿಟ್ಟು ಯಾರೂ ಏನನ್ನೂ ಹೇಳುವುದಿಲ್ಲ. ಆದರೆ ಜೊತೆಗಾರ ತೀರಿಕೊಂಡರೆ ಉಳಿದವನಿಗೆ ಮನೆಯ ಮೇಲಾಗಲಿ ಪಿಂಚಣಿಯ ಮೇಲಾಗಲಿ ಯಾವ ಹಕ್ಕೂ ಇರಲಿಲ್ಲ. ಇಪ್ಪತ್ತು ವರ್ಷ ಬಾಳಿದ ಮನೆಯಿಂದ ಸೋದರಳಿಯನ ಮಾತಿಗೆ ಹೊರಡಬೇಕಾಗುತ್ತಿತ್ತು. ವಿವಾಹದ ಕಾನೂನು ಬೇಕೆಂದವರು ಕೇಳಿದ್ದು ಮೆರವಣಿಗೆಯನ್ನಲ್ಲ, ಮುಖ್ಯವಾಗಿ ಇದನ್ನು.

ತಪ್ಪೊಪ್ಪಿಗೆ

ಲೈಂಗಿಕ ಶಿಕ್ಷಣದ ಕಾರ್ಯತಂಡ 1989ರಲ್ಲಿ 'ಸೆನೆಸೆಕ್ಸ್' ಎಂಬ ರಾಷ್ಟ್ರೀಯ ಕೇಂದ್ರವಾಯಿತು. 2000ದಲ್ಲಿ ವಿಲ್ಮಾ ಮತ್ತು ರಾವುಲ್ ದಂಪತಿಯ ಮಗಳು ಮರಿಯೇಲಾ ಕಾಸ್ಟ್ರೊ ಅದರ ನಿರ್ದೇಶಕಿಯಾದರು. 2008ರಿಂದ ಲಿಂಗಪರಿವರ್ತನೆಯ ಶಸ್ತ್ರಚಿಕಿತ್ಸೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ದೊರೆಯುವಂತಾಯಿತು. ಪ್ರತಿ ವರ್ಷ ಮೇ ತಿಂಗಳಲ್ಲಿ ಹವಾನಾದ 23ನೇ ಬೀದಿಯಲ್ಲಿ ಡೋಲು ಬಡಿಯುತ್ತ ಮೆರವಣಿಗೆ ಹೊರಡತೊಡಗಿತು.

ಹಳೆಯ ಗಾಯ ಮಾತ್ರ ಮಾಯದೆ ಉಳಿದಿತ್ತು. 2007ರ ಜನವರಿಯಲ್ಲಿ ಸರ್ಕಾರಿ ದೂರದರ್ಶನ ಲೂಯಿಸ್ ಪಾವೋನ್‌ರನ್ನು ಸಂಸ್ಕೃತಿಗೆ ಸೇವೆ ಸಲ್ಲಿಸಿದ ಹಿರಿಯರೆಂದು ತೋರಿಸಿದಾಗ, ಅವರಿಂದ ನೊಂದಿದ್ದ ಲೇಖಕರು ಪರಸ್ಪರ ಇ-ಮೇಲ್ ಬರೆಯತೊಡಗಿದರು. ಕೆಲವೇ ದಿನಗಳಲ್ಲಿ ಅದು ನೂರಾರು ಜನರ ಪ್ರತಿಭಟನೆಯಾಗಿ ಬೆಳೆಯಿತು. ಮೂರು ದಶಕ ಬಾಯಿ ಕಟ್ಟಿಕೊಂಡಿದ್ದವರು ಆಗ ಮಾತನಾಡಿದರು. 2010ರ ಆಗಸ್ಟ್‌ನಲ್ಲಿ ಮೆಕ್ಸಿಕೊದ 'ಲಾ ಹೋರ್ನಾದಾ' ಪತ್ರಿಕೆಯ ಸಂಪಾದಕಿ ಕಾರ್ಮೆನ್ ಲೀರಾ ಅವರಿಗೆ ನೀಡಿದ ಸಂದರ್ಶನದಲ್ಲಿ, ಅಧಿಕಾರದಿಂದ ನಿವೃತ್ತರಾಗಿದ್ದ ಫಿಡೆಲ್ ಕಾಸ್ಟ್ರೊ, ಸಲಿಂಗಾನುರಾಗಿಗಳಿಗೆ ಆದದ್ದು ದೊಡ್ಡ ಅನ್ಯಾಯವೆಂದೂ, ಯಾರಾದರೂ ಹೊಣೆಯಾಗಿದ್ದರೆ ಅದು ತಾವೇ ಎಂದೂ ಒಪ್ಪಿಕೊಂಡರು. ಕ್ಷಿಪಣಿ ಬಿಕ್ಕಟ್ಟು, ಕೊಲೆಯ ಸಂಚುಗಳ ನಡುವೆ ಇದರತ್ತ ಗಮನ ಹರಿಸಲಾಗಲಿಲ್ಲ ಎಂಬ ಸಮಜಾಯಿಷಿಯನ್ನೂ ಸೇರಿಸಿದರು. ಈ ಸಮಜಾಯಿಷಿಯನ್ನು ಒಪ್ಪುವುದು ಕಷ್ಟ. 1963ರ ಭಾಷಣ ಗಮನವಿಲ್ಲದವರು ಮಾಡಿದ ಭಾಷಣವಾಗಿರಲಿಲ್ಲ. ಆದರೂ ತನ್ನ ಆಳ್ವಿಕೆಯ ತಪ್ಪನ್ನು ತನ್ನ ಹೆಸರಿಗೇ ಬರೆದುಕೊಂಡ ಆಳುವವರು ಎಷ್ಟು ಮಂದಿ ಎಂದು ಕೇಳಿಕೊಂಡರೆ, ಆ ಮಾತಿನ ತೂಕವೂ ತಿಳಿಯುತ್ತದೆ.

2012ರಲ್ಲಿ ಕೈಬಾರಿಯೆನ್ ಪಟ್ಟಣದ ಪುರಸಭೆಗೆ ಅದೇಲಾ ಎರ್ನಾಂದೆಸ್ ಎಂಬ ಲಿಂಗಪರಿವರ್ತಿತ ಮಹಿಳೆ ಆಯ್ಕೆಯಾದರು. 1980ರ ದಶಕದಲ್ಲಿ ಮನೆಯವರೇ ದೂರು ಕೊಟ್ಟು 'ಅಪಾಯಕಾರಿತನ'ದ ಆರೋಪದಲ್ಲಿ ಸೆರ�ೆಗೆ ಹೋಗಿದ್ದವರು ಅವರು.

ಮತಪೆಟ್ಟಿಗೆಯ ಮುಂದೆ

2018ರ ಸಂವಿಧಾನದ ಕರಡಿನಲ್ಲಿ ವಿವಾಹವೆಂದರೆ ಇಬ್ಬರು ವ್ಯಕ್ತಿಗಳ ನಡುವಣ ಬಂಧವೆಂಬ ವಿಧಿಯಿತ್ತು. ಇವಾಂಜೆಲಿಕಲ್ ಚರ್ಚುಗಳು ಹಿಂದೆಂದೂ ಕಾಣದ ಬಹಿರಂಗ ಪ್ರಚಾರ ನಡೆಸಿದವು. ಡಿಸೆಂಬರ್‌ನಲ್ಲಿ ಸರ್ಕಾರ ಹಿಂದೆಗೆದು ಆ ಮಾತನ್ನು ಕೈಬಿಟ್ಟು, ವಿಷಯವನ್ನು ಕುಟುಂಬ ಸಂಹಿತೆಗೆ ದಾಟಿಸಿತು. 2019ರಲ್ಲಿ ಅಂಗೀಕಾರವಾದ ಸಂವಿಧಾನ ಲೈಂಗಿಕ ಒಲವಿನ ಆಧಾರದ ಭೇದಭಾವವನ್ನು ಮಾತ್ರ ನಿಷೇಧಿಸಿತು. ಅದೇ ವರ್ಷ ಮೇ ತಿಂಗಳ ಮೆರವಣಿಗೆಯನ್ನು ಸೆನೆಸೆಕ್ಸ್ ಇದ್ದಕ್ಕಿದ್ದಂತೆ ರದ್ದುಪಡಿಸಿದಾಗ, ಮೇ 11ರಂದು ನೂರಾರು ಯುವಜನ ಯಾರ ಅನುಮತಿಯೂ ಇಲ್ಲದೆ ಪ್ರಾದೊ ಬೀದಿಯಲ್ಲಿ ನಡೆದರು. ಸಮುದ್ರ ತೀರ ಮುಟ್ಟುವ ಮುನ್ನ ಪೊಲೀಸರು ತಡೆದರು, ಹಲವರ ಬಂಧನವಾಯಿತು. ಕ್ಯೂಬಾದ ಬದಲಾವಣೆಯ ಮಿತಿ ಇಲ್ಲಿ ಕಾಣುತ್ತದೆ. ಬಾಗಿಲು ಮುಚ್ಚಿದ ಸರ್ಕಾರವೇ ಅದನ್ನು ತೆರೆಯಿತು. ಬೀಗದ ಕೈಯನ್ನು ಮಾತ್ರ ತನ್ನ ಸೊಂಟದಲ್ಲಿಯೇ ಇರಿಸಿಕೊಂಡಿತು. ಸರ್ಕಾರಿ ಕೇಂದ್ರದ ಹೊರಗೆ ಸಲಿಂಗಾನುರಾಗಿಗಳು ತಮ್ಮದೇ ಸಂಘ ಕಟ್ಟಿಕೊಳ್ಳುವುದು ಇಂದಿಗೂ ಸುಲಭವಲ್ಲ.

2022ರ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಹೊಸ ಕುಟುಂಬ ಸಂಹಿತೆಯ ಕರಡನ್ನು 79,000ಕ್ಕೂ ಹೆಚ್ಚು ಬೀದಿ ಸಭೆಗಳಲ್ಲಿ ಚರ್ಚಿಸಲಾಯಿತು. ಯಾವ ಸಮಿತಿಗಳು ಒಮ್ಮೆ ನೆರೆಯವರ ಮೇಲೆ ಕಣ್ಣಿಟ್ಟಿದ್ದವೋ ಅವೇ ಬೀದಿಗಳಲ್ಲಿ ಈಗ ಕುರ್ಚಿ ಹಾಕಿ ಕುಳಿತ ಜನ, ಇಬ್ಬರು ಗಂಡಸರು ಮಗುವನ್ನು ದತ್ತು ಪಡೆಯಬಹುದೇ ಎಂದು ವಾದಿಸಿದರು. ಕ್ಯಾಥೊಲಿಕ್ ಬಿಷಪ್ಪರು ವಿರೋಧಿಸಿದರು. ಸರ್ಕಾರದ ಮಾಧ್ಯಮಗಳೆಲ್ಲ ಪರವಾಗಿಯೇ ಪ್ರಚಾರ ಮಾಡಿದವು. ಸ್ವತಂತ್ರ ಕಾರ್ಯಕರ್ತರಲ್ಲಿ ಕೆಲವರ ಆಕ್ಷೇಪ ಬೇರೆಯದೇ ಆಗಿತ್ತು: ಅಲ್ಪಸಂಖ್ಯಾತರ ಹಕ್ಕನ್ನು ಬಹುಸಂಖ್ಯಾತರ ಮತಕ್ಕೆ ಹಾಕುವುದು ನ್ಯಾಯವೇ ಎಂದು ಅವರು ಕೇಳಿದರು.

ಸೆಪ್ಟೆಂಬರ್ 25ರಂದು ಶೇ. 74ರಷ್ಟು ಮತದಾರರು ಮತ ಹಾಕಿದರು. ಪರವಾಗಿ ಸುಮಾರು 39 ಲಕ್ಷ, ಎಂದರೆ ಶೇ. 67ರ ಸಮೀಪ, ವಿರುದ್ಧವಾಗಿ ಮೂರನೆಯ ಒಂದು ಪಾಲು. ಸರ್ಕಾರ ಕೇಳಿದ್ದಕ್ಕೆಲ್ಲ ಶೇ. 90ರ ಆಸುಪಾಸಿನಲ್ಲಿ ಒಪ್ಪಿಗೆ ದೊರೆಯುತ್ತಿದ್ದ ದೇಶದಲ್ಲಿ ಇದು ಅಪರೂಪದ ಫಲಿತಾಂಶ. 'ಬೇಡ' ಎಂದವರಲ್ಲಿ ಧರ್ಮಶ್ರದ್ಧೆಯವರೂ ಇದ್ದರು, ವಿದ್ಯುತ್ತಿಲ್ಲದ ರಾತ್ರಿಗಳಿಂದ ಬೇಸತ್ತು ಸರ್ಕಾರಕ್ಕೆ ಉತ್ತರ ಕೊಡಲು ಬಂದವರೂ ಇದ್ದರು. ಕೆಲವೇ ದಿನಗಳಲ್ಲಿ ಸಂಹಿತೆ ಜಾರಿಗೆ ಬಂದು, ವಿವಾಹ, ದತ್ತು, ಉತ್ತರಾಧಿಕಾರ ಎಲ್ಲವೂ ಸಲಿಂಗ ಜೋಡಿಗಳಿಗೂ ದೊರೆತವು. ಭಾರತದ ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್ 17ರಂದು ಇದೇ ಪ್ರಶ್ನೆಯನ್ನು ಸಂಸತ್ತಿನ ವಿವೇಚನೆಗೆ ಬಿಟ್ಟಿತು.

ಅಂದಿನಿಂದ ಹವಾನಾದ ನೋಂದಣಿ ಕಚೇರಿಗಳಲ್ಲಿ ನಡುವಯಸ್ಸು ದಾಟಿದ ಜೋಡಿಗಳೂ ಸಹಿ ಹಾಕಿದ್ದಾರೆ. ಯುವಕರಲ್ಲಿ ಬಹಳಷ್ಟು ಮಂದಿ, ಆರ್ಥಿಕ ಸಂಕಷ್ಟದಿಂದ 2021ರ ತರುವಾಯ ದ್ವೀಪ ತೊರೆದ ಲಕ್ಷಾಂತರ ಜನರೊಡನೆ ತಾವೂ ಹೊರಟಿದ್ದಾರೆ. ಕಮಗ್ವೆಯ ಶಿಬಿರಗಳ ಬಗ್ಗೆ ಅಧಿಕೃತ ತನಿಖಾ ವರದಿಯಾಗಲಿ ಸ್ಮಾರಕವಾಗಲಿ ಬಂದಿಲ್ಲ. ಅಲ್ಲಿ ಕಬ್ಬು ಕಡಿದ ಹುಡುಗರಲ್ಲಿ ಬದುಕುಳಿದವರಿಗೆ ಈಗ ಎಂಬತ್ತರ ಆಸುಪಾಸು.